ಪಾಲಿಕೆ ಅಧಿಕಾರಿಯನ್ನು ತೆಗೆಸುವ ಅಧಿಕಾರ ಯಾರದು? ದೂರು ಕೊಡುವುದು ಹೇಗೆ?

ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ. ಎಂಜಿನಿಯರ್ ಫೋನ್ ಎತ್ತುವುದಿಲ್ಲ. ಆಗ ಬೆಂಗಳೂರಿನಲ್ಲಿ ಕೇಳಿಬರುವ ಮಾತು ಒಂದೇ: ‘ಕಾರ್ಪೊರೇಟರ್‌ಗೆ ಹೇಳಿ, ಎತ್ತಂಗಡಿ ಮಾಡಿಸಿ’. ಆದರೆ ಆ ಆದೇಶಕ್ಕೆ ಸಹಿ ಹಾಕುವುದು ಕಾರ್ಪೊರೇಟರ್ ಅಲ್ಲ, ಮೇಯರ್ ಕೂಡ ಅಲ್ಲ. ಪಾಲಿಕೆಗೆ ದೊಡ್ಡ ಅಧಿಕಾರಿಗಳನ್ನು ಕಳಿಸುವುದೂ, ವಾಪಸ್ ಕರೆಸಿಕೊಳ್ಳುವುದೂ ರಾಜ್ಯ ಸರ್ಕಾರ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ದೂರುಗಳು ತಪ್ಪು ಮೇಜಿನ ಮೇಲೆ ಕೊಳೆಯುತ್ತವೆ.

ನಮ್ಮವರು ಜಾಸ್ತಿ ಇರುವ ಅಮೆರಿಕದ ಸ್ಯಾನ್ ಹೋಸೆಯಲ್ಲಿ ವ್ಯವಸ್ಥೆಯೇ ಬೇರೆ. ಅಲ್ಲಿ ನಗರದ ಆಡಳಿತ ನಡೆಸುವ ಸಿಟಿ ಮ್ಯಾನೇಜರನ್ನು ನೇಮಿಸುವುದು, ಬೇಡವಾದರೆ ತೆಗೆಯುವುದು ನಗರದ ಕೌನ್ಸಿಲ್, ಅಂದರೆ ಜನ ಆರಿಸಿದ ಸದಸ್ಯರ ಸಭೆ. ಇಲಾಖಾ ಮುಖ್ಯಸ್ಥರು ಆ ಮ್ಯಾನೇಜರ್ ಕೈಕೆಳಗೆ ಇರುತ್ತಾರೆ. ನಮ್ಮಲ್ಲಿ ದಾರಿ ಸ್ವಲ್ಪ ಸುತ್ತು.

ಮೊದಲು, ಅವರು ಯಾರ ನೌಕರ ಎಂದು ತಿಳಿಯಿರಿ

ಇದೇ ಮುಖ್ಯ ಹೆಜ್ಜೆ, ಜನ ಬಿಡುವುದೂ ಇದನ್ನೇ. ಪಾಲಿಕೆಯಲ್ಲಿ ಮೂರು ಬಗೆಯ ಅಧಿಕಾರಿಗಳು ಸಿಗುತ್ತಾರೆ. ಆಯುಕ್ತರು ಐಎಎಸ್ ಆಗಿದ್ದರೆ ರಾಜ್ಯ ಸರ್ಕಾರ ವರ್ಗಾಯಿಸಬಹುದು, ಅಮಾನತು ಮಾಡಬಹುದು. ಕೆಲಸದಿಂದಲೇ ವಜಾ ಮಾಡುವ ಅಧಿಕಾರ ಕೇಂದ್ರದ್ದು. ಎರಡನೆಯವರು ಲೋಕೋಪಯೋಗಿಯಂಥ ಇಲಾಖೆಗಳಿಂದ ಎರವಲು ಸೇವೆಯಲ್ಲಿ ಬಂದವರು. ಇವರನ್ನು ಮಾತೃ ಇಲಾಖೆಗೆ ವಾಪಸ್ ಕಳಿಸಬಹುದು. ಮೂರನೆಯವರು ಪಾಲಿಕೆಯ ಸ್ವಂತ ನೌಕರರು.

ಹೆಸರು, ಹುದ್ದೆ, ಮಾತೃ ಇಲಾಖೆ ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕಾಮಗಾರಿಯ ಆದೇಶ, ಬಿಲ್ಲಿನ ಪ್ರತಿ ಬೇಕಾದರೆ ಬೇರೆ ಅರ್ಜಿ ಹಾಕಿ.

ಏನು ಬೇಕು ಎಂದು ತೀರ್ಮಾನಿಸಿ

ವರ್ಗಾವಣೆ ಶಿಕ್ಷೆಯಲ್ಲ. ಅಮಾನತೂ ಶಿಕ್ಷೆಯಲ್ಲ, ವಿಚಾರಣೆ ನಡೆಯುವಾಗ ದೂರ ಇಡುವುದು ಅಷ್ಟೇ. ವಜಾ ಮಾಡಬೇಕಾದರೆ ಆರೋಪಪಟ್ಟಿ ಕೊಟ್ಟು, ವಿಚಾರಣೆ ನಡೆಸಿ, ಅವರ ಮಾತನ್ನೂ ಕೇಳಬೇಕು. ಐಎಎಸ್ ಅಧಿಕಾರಿಗಳಿಗೂ ರಾಜ್ಯ ಸರ್ಕಾರಿ ನೌಕರರಿಗೂ ಸಂವಿಧಾನದ 311ನೇ ವಿಧಿ ಈ ರಕ್ಷಣೆ ಕೊಟ್ಟಿದೆ. ಅದು ಇರಲೇಬೇಕು ಅನ್ನುವವನು ನಾನು. ಇಲ್ಲದಿದ್ದರೆ ಗುತ್ತಿಗೆದಾರರ ಮಾತು ಕೇಳದ ಪ್ರಾಮಾಣಿಕ ಅಧಿಕಾರಿಯೇ ಮೊದಲು ಮನೆಗೆ ಹೋಗುತ್ತಾರೆ, ಅಲ್ವಾ?

ಲಿಖಿತ ದೂರು

ಪಾಲಿಕೆಯ ಸಹಾಯವಾಣಿ 1533ಕ್ಕೆ ಮಾಡಿದ ದೂರಿನ ಸಂಖ್ಯೆ, ದಿನಾಂಕ ಇರುವ ಫೋಟೊ, ಮಾಹಿತಿ ಹಕ್ಕಿನ ಉತ್ತರ ಎಲ್ಲ ಜೋಡಿಸಿ ನಿಮ್ಮ ಪಾಲಿಕೆಯ ಆಯುಕ್ತರಿಗೆ ಕೊಡಿ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳು, ಹಾಗಾಗಿ ನಿಮ್ಮ ಮನೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ಆಯುಕ್ತರ ಮೇಲೆಯೇ ದೂರಿದ್ದರೆ ವಿಧಾನಸೌಧದ ದಾರಿ, ಅಂದರೆ ನಗರಾಭಿವೃದ್ಧಿ ಇಲಾಖೆ. ಸ್ವೀಕೃತಿಯ ಮೊಹರು ಇಲ್ಲದೆ ಕಚೇರಿ ಬಿಟ್ಟು ಬರಬೇಡಿ.

ಕೌನ್ಸಿಲ್ ಏನು ಮಾಡಬಹುದು?

ಸಭೆಯಲ್ಲಿ ವಿಷಯ ಎತ್ತಬಹುದು, ಕಡತ ಕೇಳಬಹುದು, ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಬಹುದು. ಇಂಥ ನಿರ್ಣಯಕ್ಕೆ ಮುಂಬೈಯ 1888ರ ಕಾನೂನು ದೊಡ್ಡ ಬಲ ಕೊಟ್ಟಿದೆ. ಅಲ್ಲಿ ಒಟ್ಟು ಸದಸ್ಯರಲ್ಲಿ ಎಂಟರಲ್ಲಿ ಐದು ಪಾಲು ಜನ ಮತ ಹಾಕಿದರೆ ಆಯುಕ್ತರನ್ನು ತೆಗೆಯಲೇಬೇಕು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಆಗಿನ ಒಂದೇ ಪಾಲಿಕೆ ಬಿಬಿಎಂಪಿಯ ಕೌನ್ಸಿಲ್ ಅವಧಿ ಮುಗಿದ ಮೇಲೆ ಪ್ರಶ್ನೆ ಕೇಳುವ ಸಭೆಯೇ ವರ್ಷಗಟ್ಟಲೆ ಇರಲಿಲ್ಲ. ಈ ಊರಿಗೆ ಆದ ದೊಡ್ಡ ನಷ್ಟ ಅದು.

ಲಂಚ, ಅಕ್ರಮದ ಆರೋಪ ಇದ್ದರೆ

ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿರುವ ಲೋಕಾಯುಕ್ತಕ್ಕೆ ಹೋಗಿ. ದೂರಿನ ಜೊತೆ ಪ್ರಮಾಣಪತ್ರ (ಅಫಿಡವಿಟ್) ಕಡ್ಡಾಯ. ಘಟನೆ ನಡೆದು ಐದು ವರ್ಷ ದಾಟಿರಬಾರದು. ದಾಖಲೆ ಇರುವುದನ್ನಷ್ಟೇ ಬರೆಯಿರಿ, ಬೇಕೆಂದೇ ಸುಳ್ಳು ದೂರು ಕೊಟ್ಟರೆ ಜೈಲು ಶಿಕ್ಷೆಯಿದೆ. ನಡುವೆ ಅಧಿಕಾರಿ ಬೇರೆ ಊರಿಗೆ ವರ್ಗವಾದರೆ ಸುಮ್ನೆ ಬಿಡಬೇಡಿ. ವರ್ಗವಾದ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲ, ಅದೇ ದೂರಿನ ಸಂಖ್ಯೆ ಹಿಡಿದು ಕೇಳುತ್ತಿರಿ.