ಬ್ಯಾಕ್ ಬಿದ್ದ ಪೇಪರ್: ರಿಸಲ್ಟ್ ದಿನದಿಂದ ಹಾಲ್ ಟಿಕೆಟ್‌ವರೆಗೆ ನಾನು ಮಾಡಿಸುವ ಕೆಲಸ

ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಂಟರ್ ಆಗಿ, ಬ್ಯಾಕ್ ಇರುವ, ಅಂದರೆ ಯಾವುದಾದರೂ ವಿಷಯದಲ್ಲಿ ಫೇಲಾಗಿ ಅದನ್ನು ಮತ್ತೆ ಬರೆಯಬೇಕಿರುವ, ವಿದ್ಯಾರ್ಥಿಗಳ ಜೊತೆ ನಾನು ಅನುಸರಿಸುವ ಕ್ರಮ ಇದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆ ಬರೆಯುವವರಿಗೆ ಇದು ಹೊಂದುತ್ತದೆ. ಸ್ವಾಯತ್ತ ಕಾಲೇಜುಗಳಿಗೆ ಅವುಗಳದೇ ನಿಯಮ. ಮೇಕಪ್ ಪರೀಕ್ಷೆ (ಫೇಲಾದವರಿಗೆ ಬೇಗನೆ ನಡೆಸುವ ಮರುಪರೀಕ್ಷೆ) ಇದೆಯೋ ಇಲ್ಲವೋ ಎಂದು ಅಲ್ಲಿನ ಎಕ್ಸಾಮ್ ಸೆಕ್ಷನ್‌ನಲ್ಲೇ ಕೇಳಬೇಕು.

"ಸರ್, ಒಂದು ಸಬ್ಜೆಕ್ಟ್ ಹೋಯ್ತು" ಅಂತ ಬಂದವರನ್ನು ಮೊದಲು ಕೇಳುವುದು ಎರಡೇ ಅಂಕಿ: ಇಂಟರ್ನಲ್ (ಸೆಮಿಸ್ಟರ್ ನಡುವೆ ಕಾಲೇಜು ಕೊಡುವ ಅಂಕ) ಎಷ್ಟು, ಎಕ್ಸ್‌ಟರ್ನಲ್ (ಸೆಮಿಸ್ಟರ್ ಕೊನೆಯ ವಿಶ್ವವಿದ್ಯಾಲಯದ ಪೇಪರ್) ಎಷ್ಟು. 2021 ಮತ್ತು 2022ರ ಸ್ಕೀಮ್‌ಗಳ (ಆಯಾ ವರ್ಷ ಜಾರಿಗೆ ಬಂದ ಪಠ್ಯ ಮತ್ತು ಪರೀಕ್ಷಾ ವ್ಯವಸ್ಥೆಗಳ) ಥಿಯರಿ ವಿಷಯಗಳಲ್ಲಿ ಎರಡಕ್ಕೂ ತಲಾ 50 ಅಂಕ. ಪೇಪರ್ ಬರೆಯುವುದು 100ಕ್ಕೆ, ಅದನ್ನು 50ಕ್ಕೆ ಇಳಿಸುತ್ತಾರೆ. ಪಾಸಾಗಲು ಮೂರು ಷರತ್ತು: ಇಂಟರ್ನಲ್‌ನಲ್ಲಿ 20, ಎಕ್ಸ್‌ಟರ್ನಲ್‌ನಲ್ಲಿ 18, ಒಟ್ಟು 40. ಮೂರೂ ಒಟ್ಟಿಗೆ ಆಗಬೇಕು. ಇಂಟರ್ನಲ್ 44 ಇದ್ದು ಪೇಪರ್‌ನಲ್ಲಿ 32 ಬಂದರೆ 16 ಸೇರಿ ಒಟ್ಟು 60 ಆಗುತ್ತದೆ, ಆದರೂ ಫೇಲ್. ಇಂಟರ್ನಲ್ 20 ಇದ್ದು ಪೇಪರ್‌ನಲ್ಲಿ 36 ಬಂದರೆ ಎರಡು ಕಡೆಯೂ ದಾಟಿದಂತೆ ಕಾಣುತ್ತದೆ, ಒಟ್ಟು ಮಾತ್ರ 38. ಅದೂ ಫೇಲೇ. ಹಾಗಾಗಿ "36 ತೆಗೆದರೆ ಸಾಕು" ಎಂಬ ಮಾತು ಇಂಟರ್ನಲ್ 22 ಅಥವಾ ಹೆಚ್ಚು ಇರುವವರಿಗೆ ಮಾತ್ರ. 20 ಇರುವವರು ಪೇಪರ್‌ನಲ್ಲಿ 40ರ ಗುರಿ ಇಟ್ಟುಕೊಳ್ಳಬೇಕು. ಈ ಲೆಕ್ಕವನ್ನು ಅವರ ಕೈಯಿಂದಲೇ ಬರೆಸುತ್ತೇನೆ.

ಇಂಟರ್ನಲ್ಲೇ 20 ಮುಟ್ಟದವರ ದಾರಿ ಬೇರೆ. ಅವರಿಗೆ ಪೇಪರ್ ಬರೆಯುವ ಅರ್ಹತೆಯೇ ಬರುವುದಿಲ್ಲ, ಆ ವಿಷಯಕ್ಕೆ ಮತ್ತೆ ನೋಂದಾಯಿಸಿಕೊಳ್ಳಬೇಕು. ಪೇಪರ್‌ನಲ್ಲಿ ಮಾತ್ರ ಹೋದವರ ಇಂಟರ್ನಲ್ ಅಂಕ ಹಾಗೇ ಉಳಿಯುತ್ತದೆ.

ಇನ್ನು ರೀವ್ಯಾಲ್, ಅಂದರೆ ಮರುಮೌಲ್ಯಮಾಪನ. ನೇರವಾಗಿ ಹಾಕಬೇಡಿ, ಮೊದಲು ಉತ್ತರಪತ್ರಿಕೆಯ ಫೋಟೋಕಾಪಿ ತರಿಸಿ. ಅರ್ಜಿಗೆ ಸಿಗುವುದು ಕೆಲವೇ ದಿನ. ಶುಲ್ಕ ಮತ್ತು ಕೊನೆಯ ದಿನಾಂಕವನ್ನು ಆ ಸಲದ ಸುತ್ತೋಲೆಯಲ್ಲೇ ನೋಡಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಫೋಟೋಕಾಪಿ ಬಂದ ಮೇಲೆ ವಿಷಯದ ಮೇಷ್ಟರ ಪಕ್ಕ ಕೂತು, ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು ಒಂದೊಂದೇ ಉಪಪ್ರಶ್ನೆಗೆ ಪೆನ್ಸಿಲ್‌ನಲ್ಲಿ ಅಂಕ ಹಾಕಿಸಿ. ನಾನು ನೋಡುವುದು ಇಷ್ಟು: 3ಎ ಉತ್ತರವನ್ನು ಅರ್ಧಕ್ಕೆ ಬಿಟ್ಟು ಹತ್ತು ಪುಟದ ನಂತರ ಮುಂದುವರಿಸಿದ್ದಾರಾ? ಪ್ರಶ್ನೆಯ ಸಂಖ್ಯೆ ತಪ್ಪಾಗಿ ಬರೆದಿದ್ದಾರಾ? ಲೆಕ್ಕದ ಕೊನೆಯ ಉತ್ತರ ತಪ್ಪಿದ್ದರೂ ಸ್ಟೆಪ್ ಅಂಕ ಬರಬೇಕಿತ್ತಾ? ವಿಟಿಯುನಲ್ಲಿ ಉತ್ತರಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಮೌಲ್ಯಮಾಪನ ಮಾಡುತ್ತಾರೆ. ತೆಳುವಾದ ಪೆನ್ಸಿಲ್‌ನಲ್ಲಿ ಎಳೆದ ಚಿತ್ರ ಅಲ್ಲಿ ಮಸುಕಾಗಿಬಿಡುತ್ತದೆ. ಮೇಷ್ಟರು ಹಾಕಿದ ಅಂಕಕ್ಕೂ ಬಂದ ಅಂಕಕ್ಕೂ ನಡುವೆ ಎದ್ದು ಕಾಣುವ ವ್ಯತ್ಯಾಸ ಇದ್ದು, ಅದು ಪಾಸಿನ ಗೆರೆ ದಾಟಿಸುವಂತಿದ್ದರೆ ಮಾತ್ರ ರೀವ್ಯಾಲ್ ಹಾಕಿಸುತ್ತೇನೆ. 12 ಬಂದ ಪೇಪರ್‌ಗೆ ಆಸೆಯಿಂದ ದುಡ್ಡು ಕಟ್ಟಿಸುವುದು ಆ ಮನೆಯವರಿಗೆ ಮಾಡುವ ಅನ್ಯಾಯ.

ರೀವ್ಯಾಲ್ ಹಾಕಿದವರು ಮಾಡುವ ದೊಡ್ಡ ತಪ್ಪು, ಅದರ ಫಲಿತಾಂಶಕ್ಕೆ ಕಾಯುತ್ತಾ ಮರುಪರೀಕ್ಷೆಯ ಅರ್ಜಿ ತುಂಬದೇ ಇರುವುದು. ಗಡುವು ಮೊದಲೇ ಮುಗಿದರೆ ಒಂದು ಸೆಮಿಸ್ಟರ್ ಪೂರ್ತಿ ಕೈತಪ್ಪುತ್ತದೆ. ಎರಡನ್ನೂ ಮಾಡಿ, ಓದನ್ನೂ ನಿಲ್ಲಿಸಬೇಡಿ.

ಓದು ಶುರುವಾಗುವ ಮುಂಚೆ ಸಬ್ಜೆಕ್ಟ್ ಕೋಡ್ ನೋಡಿ. 18ಎಂಎಟಿ11, 21ಎಂಎಟಿ11, ಬಿಎಂಎಟಿಎಸ್101, ಮೂರೂ ಮೊದಲ ಸೆಮಿಸ್ಟರಿನ ಗಣಿತವೇ, ಆದರೆ ಸ್ಕೀಮ್ ಬೇರೆ, ಸಿಲಬಸ್ ಬೇರೆ. ಜೂನಿಯರ್ ಹತ್ತಿರ ಇಸಿದುಕೊಂಡ ನೋಟ್ಸ್ ಓದಿ ಹೋದರೆ ಒಂದು ಇಡೀ ಮಾಡ್ಯೂಲೇ ಕೈಕೊಡಬಹುದು. ಹಳೆಯ ಪ್ರಶ್ನೆಪತ್ರಿಕೆ ತೆಗೆಯುವಾಗಲೂ ನಿಮ್ಮದೇ ಕೋಡ್‌ನವನ್ನು ತೆಗೆಯಿರಿ, ಐದು ಸಿಕ್ಕರೆ ಸಾಕು.

ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ನಿಂದ ಎರಡರಲ್ಲಿ ಒಂದು ಪೂರ್ಣ ಪ್ರಶ್ನೆ, ತಲಾ 20 ಅಂಕ. ಎರಡು ಮಾಡ್ಯೂಲ್ ಅರೆದು ಕುಡಿದು 40 ತೆಗೆಯುತ್ತೇನೆ ಅನ್ನುವ ಯೋಜನೆ ಕಾಗದದ ಮೇಲೆ ಚೆಂದ; ಒಂದು ಪ್ರಶ್ನೆ ಕೈಕೊಟ್ಟರೆ ಮುಗಿಯಿತು. ನಾನು ಮೂರು ಮಾಡ್ಯೂಲನ್ನು ಚೆನ್ನಾಗಿ ಓದಿಸುತ್ತೇನೆ, ಪ್ರತಿಯೊಂದರಲ್ಲಿ 12 ಬಂದರೂ 36 ಆಯಿತು. ಉಳಿದ ಎರಡರಲ್ಲಿ ವ್ಯಾಖ್ಯೆ, ಸೂತ್ರ, ಒಂದು ಚಿತ್ರ, ಹೀಗೆ ಐದೈದು ಅಂಕದಷ್ಟು. ವಾರಕ್ಕೊಂದು ಪತ್ರಿಕೆಯನ್ನು ಮೂರು ಗಂಟೆ ಗಡಿಯಾರ ಇಟ್ಟುಕೊಂಡು ಬರೆಯಲೇಬೇಕು. ಬ್ಯಾಕ್ ಇರುವ ಬಹಳ ಮಕ್ಕಳಿಗೆ ವಿಷಯ ಗೊತ್ತಿಲ್ಲ ಅಂತಲ್ಲ, ಮೂರು ಗಂಟೆ ಬರೆದು ಅಭ್ಯಾಸವೇ ಇರುವುದಿಲ್ಲ.

ವೇಳಾಪಟ್ಟಿ ಬಂದ ದಿನ ಬ್ಯಾಕ್ ಪೇಪರ್ ಮತ್ತು ರೆಗ್ಯುಲರ್ ಪೇಪರ್ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಬೀಳುವುದುಂಟು. ಅಂಥ ದಿನದ ಬ್ಯಾಕ್ ಪೇಪರ್ ಓದನ್ನು ಹತ್ತು ದಿನ ಮೊದಲೇ ಮುಗಿಸಿಡಬೇಕು.

ಹಾಲ್ ಟಿಕೆಟ್ ಕೈಗೆ ಬಂದ ಕೂಡಲೇ ಅದರಲ್ಲಿರುವ ಯುಎಸ್‌ಎನ್ (ನಿಮ್ಮ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ಪ್ರತಿ ಸಬ್ಜೆಕ್ಟ್‌ನ ಕೋಡ್, ದಿನಾಂಕವನ್ನು ಅರ್ಜಿಯ ಪ್ರತಿಯ ಜೊತೆ ಸಾಲು ಸಾಲಾಗಿ ಹೋಲಿಸಿ. ಬ್ಯಾಕ್ ಪೇಪರ್‌ನ ಕೋಡ್ ಬಿಟ್ಟುಹೋಗಿದ್ದರೆ ಹಣ ಕಟ್ಟಿದ ರಸೀದಿ ಹಿಡಿದು ಅವತ್ತೇ ಎಕ್ಸಾಮ್ ಸೆಕ್ಷನ್‌ಗೆ ಹೋಗಿ.