ಕುಟುರ ಹಕ್ಕಿಯನ್ನು ಹುಡುಕುವುದು ಹೇಗೆ?

ತುಮಕೂರಿನಿಂದ ದೇವರಾಯನದುರ್ಗದತ್ತ ಹೊರಟು ನಾಮದ ಚಿಲುಮೆಯ ಬಳಿ ಇಳಿದವರಿಗೆ ‘ಕುಟ್ರೂ, ಕುಟ್ರೂ’ ಎಂಬ ಕೂಗು ಕೇಳಿಸುತ್ತದೆಯಾದರೂ, ತಲೆಯೆತ್ತಿ ಎಷ್ಟು ಹುಡುಕಿದರೂ ಎಲೆಗಳಲ್ಲದೆ ಬೇರೇನೂ ಕಾಣುವುದಿಲ್ಲ. ಕೂಗುತ್ತಿರುವುದು ಬಿಳಿಗೆನ್ನೆ ಕುಟುರ. ಮೈಯೆಲ್ಲ ಎಲೆಹಸಿರು, ತಲೆ ಕಂದು, ಕಣ್ಣಿನ ಕೆಳಗೆ ಅಗಲವಾದ ಬಿಳಿ ಪಟ್ಟಿ, ದಪ್ಪ ಕೊಕ್ಕು. ಗಂಡು ಹೆಣ್ಣುಗಳಲ್ಲಿ ವ್ಯತ್ಯಾಸ ಕಾಣದು.

ಆದ್ದರಿಂದ ಮೊದಲು ಹಕ್ಕಿಯನ್ನಲ್ಲ, ಮರವನ್ನು ಹುಡುಕಬೇಕು. ಆಲ, ಅತ್ತಿ, ಬಸರಿ, ಗೋಣಿಗಳಲ್ಲಿ ಯಾವುದು ಹಣ್ಣು ಬಿಟ್ಟಿದೆಯೆಂದು ನೋಡಿಕೊಂಡು, ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ನಿಂತು, ಅರ್ಧ ಗಂಟೆಯಾದರೂ ಅಲುಗಾಡದೆ ಕಾಯಬೇಕು. ಹಣ್ಣು ಕಿತ್ತು ನುಂಗುವಾಗ ರೆಂಬೆ ತೂಗುತ್ತದೆ. ದುರ್ಬೀನನ್ನು ಅಲ್ಲಿಗೆ ತಿರುಗಿಸಿ. ನುಂಗಿದ ಬೀಜಗಳನ್ನು ಅದು ದೂರದ ಮರಗಳಲ್ಲಿ ಹಿಕ್ಕೆಯೊಡನೆ ಬೀಳಿಸುವುದರಿಂದಲೇ ಎಷ್ಟೋ ಆಲದ ಸಸಿಗಳು ಬೇರೆ ಮರಗಳ ಕವಲಿನಲ್ಲಿ ಚಿಗುರುತ್ತವೆ. ಹಣ್ಣಿನ ಜೊತೆಗೆ ಹುಳುಗಳನ್ನೂ ಹೂವಿನ ಮಕರಂದವನ್ನೂ ಇದು ಬಿಡುವುದಿಲ್ಲ.

‘ಟುಕ್ ಟುಕ್’ ಎಂದು ತಾಮ್ರ ಬಡಿದಂತೆ ಒಂದೇ ಸಮನೆ ಕೇಳಿಸಿದರೆ ಅದು ಚಿಟ್ಟುಕುಟುರ. ಗಾತ್ರದಲ್ಲಿ ಚಿಕ್ಕದು, ಹಣೆಯೂ ಎದೆಯ ಮೇಲ್ಭಾಗವೂ ಕೆಂಪು.

ನಂತರ ಬಿಳಿಗೆನ್ನೆ ಕುಟುರದ ಗೂಡು. ಡಿಸೆಂಬರ್‌ನಿಂದ ಮಳೆಗಾಲದ ಆರಂಭದವರೆಗೆ, ಒಣಗಿದ ಮೆದು ಕೊಂಬೆಗಳಲ್ಲಿ ಅಚ್ಚುಕಟ್ಟಾದ ದುಂಡು ತೂತು ಇದೆಯೇ ಎಂದು ಗಮನಿಸಿ. ಬುಡದಲ್ಲಿ ಹೊಸ ಮರದ ಹೊಟ್ಟು ಬಿದ್ದಿದ್ದರೆ ಕೊರೆತ ನಡೆಯುತ್ತಿದೆಯೆಂದೇ ಅರ್ಥ: ಹಕ್ಕಿ ಒಳಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಕೊಕ್ಕಿನ ತುಂಬ ಹೊಟ್ಟು ತುಂಬಿಕೊಂಡು ತಲೆ ಹೊರಹಾಕುತ್ತದೆ. ಸಾಮಾನ್ಯವಾಗಿ ಮೂರು ಮೊಟ್ಟೆಗಳು. ಕಾವು ಸುಮಾರು 15 ದಿನ, ಗಂಡು ಹೆಣ್ಣು ಎರಡರದ್ದೂ ಸರದಿ. ಮರಿಗಳು ಹೊರಬರಲು ಇನ್ನೂ ಐದು ವಾರಕ್ಕೂ ಹೆಚ್ಚು ಬೇಕು.

ಮೊಬೈಲಿನಲ್ಲಿ ಕೂಗಿನ ಧ್ವನಿಮುದ್ರಣ ಹಾಕಿ ಹಕ್ಕಿಯನ್ನು ಕರೆಯುವವರನ್ನು ಬೆಟ್ಟದಲ್ಲಿ ಈಚೆಗೆ ಕಾಣುತ್ತೇವೆ. ಎದುರಾಳಿ ಬಂದಿದೆಯೆಂದು ಭ್ರಮಿಸಿ ಗೂಡು ಬಿಟ್ಟು ಬರುವ ಹಕ್ಕಿಗೆ ಇದು ಕೇವಲ ಕಾಟ, ದಯವಿಟ್ಟು ಮಾಡಬೇಡಿ.

ಬೆಳಿಗ್ಗೆ ಕಾಣದಿದ್ದರೆ ಸಂಜೆ ಅದೇ ತೂತಿನೆದುರು ದೂರದಲ್ಲಿ ನಿಲ್ಲಿ. ರಾತ್ರಿ ತಂಗುವುದಕ್ಕೂ ಕುಟುರಗಳು ಇಂಥ ಪೊಟರೆಗಳನ್ನೇ ನೆಚ್ಚಿಕೊಂಡಿರುವುದರಿಂದ, ಕತ್ತಲಾಗುವ ಮುನ್ನ ಹಕ್ಕಿ ಕೊಂಬೆಗೆ ಬಂದು ಕೂತು, ಅತ್ತಿತ್ತ ನೋಡಿ, ಒಳಗೆ ನುಸುಳಬಹುದು.