ಘಾಟಿ ರಸ್ತೆಯಲ್ಲಿ ಕಾರಿನ ಮೈಲೇಜ್ ಹೆಚ್ಚಿಸುವುದು ಹೇಗೆ?

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಲು ಶುರುವಾದ ಕೂಡಲೇ ಗೇರನ್ನು ನ್ಯೂಟ್ರಲ್‌ಗೆ ತಳ್ಳುವವರು ನಮ್ಮ ಚಿಕ್ಕಮಗಳೂರು ಕಡೆ ಈಗಲೂ ಕಡಿಮೆಯಿಲ್ಲ. ಕೇಳಿದರೆ, ‘ಇಳಿಜಾರಲ್ಲಿ ಸುಮ್ನೆ ಪೆಟ್ರೋಲ್ ಯಾಕೆ ಸುಡಬೇಕು?’ ಅನ್ನುತ್ತಾರೆ. ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುವುದಿಲ್ಲ, ಇನ್ನೂ ಜಾಸ್ತಿ ಹೋಗುತ್ತದೆ. ಜೊತೆಗೆ ಪ್ರಾಣಕ್ಕೂ ಅಪಾಯ. ಈ ಲೇಖನ ಮುಖ್ಯವಾಗಿ ಅವರಿಗೆ. ಘಾಟಿಗೆ ಬರುವ ಮೊದಲು ಒಂದೆರಡು ಸಣ್ಣ ಕೆಲಸ ಮುಗಿಸಿಕೊಳ್ಳೋಣ.

ಮೊದಲು ಲೆಕ್ಕ. ಟ್ಯಾಂಕ್ ಫುಲ್ ಮಾಡಿಸಿ. ನಾಜಲ್ ತಾನಾಗಿ ‘ಟಕ್’ ಎಂದು ನಿಂತರೆ ಅಲ್ಲಿಗೆ ಸಾಕು, ರೌಂಡ್ ಫಿಗರ್‌ಗೆ ಬರಲಿ ಅಂತ ಮತ್ತೆ ಒತ್ತಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಅರ್ಧಕ್ಕಿಂತ ಜಾಸ್ತಿ ಖಾಲಿಯಾದ ಮೇಲೆ ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಈಗ ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಹಳೆಯ ಮೈಲೇಜ್ ನೆನೆದು ಕಾರನ್ನು ಬೈಯಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ.

ಆಮೇಲೆ ಟೈರ್ ಗಾಳಿ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕರ್ ಕಾಣುತ್ತದೆ. ಅದರಲ್ಲಿರುವಷ್ಟೇ ಗಾಳಿ ಹಾಕಿಸಿ. ಟೈರ್ ಮೇಲೆಯೇ ಬರೆದಿರುವುದು ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ನೋಡಬೇಡಿ. ಕಾರು ಓಡಿ ಟೈರ್ ಬಿಸಿಯಾಗುವ ಮೊದಲು, ಬೆಳಿಗ್ಗೆಯೇ ಚೆಕ್ ಮಾಡಿಸಿ. ಚಳಿಗಾಲದಲ್ಲಿ ಇನ್ನೊಮ್ಮೆ ನೋಡಿಸಲೇಬೇಕು. 10 ಡಿಗ್ರಿ ತಣ್ಣಗಾದರೆ ಎರಡು ಪಿಎಸ್‌ಐನಷ್ಟು ಇಳಿಯುತ್ತದೆ. ನೈಟ್ರೋಜನ್‌ಗೆ ದುಡ್ಡು ಕೊಡುವುದು ಬೇಡವೇ ಬೇಡ. ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ.

ಇನ್ನು ಹತ್ತುವುದು. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ 1,000 ಮೀಟರ್‌ಗಿಂತ ಸ್ವಲ್ಪ ಮೇಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಒಂದು ಟನ್ ತೂಕದ ಕಾರನ್ನು 800 ಮೀಟರ್ ಮೇಲಕ್ಕೆ ಎತ್ತುವುದಕ್ಕೇ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್ ಬೇಕು. ಇದನ್ನು ಯಾರೂ ತಪ್ಪಿಸಲಾರರು. ಆದರೆ ಡಿಕ್ಕಿಯಲ್ಲಿ ತಿಂಗಳಿಂದ ಬಿದ್ದಿರುವ ಗೊಬ್ಬರದ ಚೀಲವನ್ನೂ ಅದರ ಜೊತೆ ಎತ್ತಬೇಕಾಗಿಲ್ಲ, ಅಲ್ವಾ? ಅದನ್ನು ಇಳಿಸಿ. ಟಾಪ್ ಮೇಲಿನ ಖಾಲಿ ಕ್ಯಾರಿಯರ್ ಕೂಡ ಬಿಚ್ಚಿಡಿ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಕಾರು ನಡುಗತೊಡಗಿದರೆ ಕೂಡಲೇ ಎರಡಕ್ಕೆ ಬನ್ನಿ. ದೊಡ್ಡ ಗೇರ್‌ನಲ್ಲೇ ಎಳೆಸಿದರೆ ಉಳಿತಾಯ ಅನ್ನುವುದು ತಪ್ಪು. ಅರ್ಧ ಕ್ಲಚ್‌ನಲ್ಲಿ ನಿಲ್ಲಿಸಿಕೊಳ್ಳುವುದು ಇನ್ನೂ ದೊಡ್ಡ ತಪ್ಪು, ಕ್ಲಚ್ ಪ್ಲೇಟಿನ ಖರ್ಚು ನೆನಪಿರಲಿ.

ಈಗ ಇಳಿಯುವುದು. ಎಲ್ಲರೂ ಎಡವುವುದು ಇಲ್ಲೇ.

ನ್ಯೂಟ್ರಲ್ ನಂಬಿಕೆ ಕಾರ್ಬುರೇಟರ್ ಕಾಲದ್ದು, ಅಂದರೆ ಎಂಜಿನ್ ಎಳೆಯುವ ಗಾಳಿಯ ಜೊತೆಗೇ ಪೆಟ್ರೋಲ್ ಬೆರೆತು ಹೋಗುತ್ತಿದ್ದ ಹಳೆಯ ಕಾರುಗಳ ಕಾಲದ್ದು. ಆಗ ಗೇರ್‌ನಲ್ಲಿ ಇಳಿದರೂ ಎಂಜಿನ್ ಪೆಟ್ರೋಲ್ ಎಳೆಯುತ್ತಲೇ ಇತ್ತು. 2000ದ ಆಸುಪಾಸಿನಿಂದ ನಮ್ಮ ಕಾರುಗಳಿಗೆ ಇಂಜೆಕ್ಷನ್, ಅಂದರೆ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ ಬಂತು. ಈಗ ಕಾರು ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ, ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಎಂಜಿನ್ ತಿರುಗುತ್ತಿರುವುದು ಚಕ್ರಗಳ ಬಲದಿಂದ. ನ್ಯೂಟ್ರಲ್‌ಗೆ ಹಾಕಿದಿರೋ, ಚಕ್ರದ ನಂಟು ತಪ್ಪಿತು. ಎಂಜಿನ್ ಆರದಂತೆ ಮತ್ತೆ ಪೆಟ್ರೋಲ್ ಸುಡಲೇಬೇಕು. ನಂಬಿಕೆ ಬಾರದಿದ್ದರೆ ಆ ಕ್ಷಣದ ಮೈಲೇಜ್ ತೋರಿಸುವ ಮೀಟರ್ ಇರುವ ಕಾರಿನಲ್ಲಿ ಪಕ್ಕದ ಸೀಟಿನವರಿಗೆ ಗಮನಿಸಲು ಹೇಳಿ. ಗೇರ್‌ನಲ್ಲಿ ಕಾಲು ತೆಗೆದು ಇಳಿಯುವಾಗ ಅದು ಕೊನೆಯ ಅಂಕಿಗೆ ಹೋಗಿ ಅಲ್ಲೇ ನಿಲ್ಲುತ್ತದೆ.

ಯಾವ ಗೇರ್? ಆ ಏರನ್ನು ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ. ಚಾರ್ಮಾಡಿ ತಿರುವುಗಳಲ್ಲಿ ಹೆಚ್ಚಾಗಿ ಅದು ಎರಡು, ನಡುವೆ ಮೂರು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ವೇಗ ಏರಿದ ಮೇಲಲ್ಲ. ಕ್ಲಚ್ ಮೇಲಿನಿಂದ ಕಾಲು ಪೂರ್ತಿ ತೆಗೆಯಿರಿ. ಎಂಜಿನ್ ‘ಗುರ್’ ಎಂದು ಸದ್ದು ಮಾಡುತ್ತದೆ, ಹೆದರಬೇಡಿ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರ್‌ನ ಕೆಂಪು ಗೆರೆಯಿಂದ ದೂರವಿದ್ದರೆ ಎಂಜಿನ್‌ಗೆ ಏನೂ ಆಗದು. ಆರ್‌ಪಿಎಂ ತೀರಾ ಇಳಿದರೆ ಪೆಟ್ರೋಲ್ ಮತ್ತೆ ಶುರುವಾಗುತ್ತದೆ, ಹಾಗಾಗಿ ಸಣ್ಣ ಗೇರ್ ಇಲ್ಲಿ ಎರಡು ರೀತಿಯಲ್ಲೂ ಲಾಭ. ಆಟೋಮ್ಯಾಟಿಕ್ ಕಾರಿನವರು ‘ಡಿ’ ನಂಬಿ ಕೂರಬೇಡಿ. ಎಂ, ಎಲ್ ಅಥವಾ 2, ನಿಮ್ಮ ಕಾರಿನಲ್ಲಿ ಏನಿದೆಯೋ ಅದಕ್ಕೆ ಹಾಕಿ.

ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಒತ್ತಿದರೂ ಹಿಡಿಯುವುದಿಲ್ಲ. ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲಿ. ಬಿಸಿ ಡಿಸ್ಕ್ ಮೇಲೆ ನೀರು ಹುಯ್ಯಬೇಡಿ, ಸೊಟ್ಟಗಾಗುತ್ತದೆ. ಇನ್ನು ಎಂಜಿನ್ ಆಫ್ ಮಾಡಿಯೇ ಇಳಿಯುವವರಿದ್ದಾರೆ. ದಯವಿಟ್ಟು ಬೇಡ. ಬ್ರೇಕ್‌ಗೆ ಸಿಗುವ ನೆರವು ಒಂದೆರಡು ಸಲ ಒತ್ತಿದ ಮೇಲೆ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಎದುರಿನಿಂದ ಹತ್ತಿ ಬರುವ ಗಾಡಿಗೆ ದಾರಿ ಬಿಡಿ. ನಿಯಮವೂ ಅದೇ, ಏರಿನಲ್ಲಿ ನಿಂತು ಮತ್ತೆ ಹೊರಡಲು ಅವರಿಗೆ ಪೆಟ್ರೋಲ್ ಜಾಸ್ತಿ ಬೇಕು.

ಬಯಲು ದಾರಿಗೂ ಇದೇ ಬುದ್ಧಿ. ಕಡೂರು ರಸ್ತೆಯಲ್ಲಿ ದೂರದಲ್ಲಿ ಹಂಪ್ ಕಂಡರೆ ಅಲ್ಲಿಂದಲೇ ಕಾಲು ತೆಗೆಯಿರಿ, ಗೇರ್‌ನಲ್ಲೇ ಬರಲಿ. ಹಂಪ್ ತನಕ ಓಡಿಸಿ ಬ್ರೇಕ್ ಹಾಕುವವರು ಆಗಷ್ಟೇ ಸುಟ್ಟ ಪೆಟ್ರೋಲನ್ನು ಬ್ರೇಕ್ ಬಿಸಿ ಮಾಡಲು ಬಳಸುತ್ತಿದ್ದಾರೆ ಅಷ್ಟೇ. ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಉಳಿತಾಯ ಹೆಚ್ಚು ಎಂಬುದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದ ಸಲಹೆ.

ಪೆಟ್ರೋಲ್ ಪೈಪ್‌ಗೆ ಕಟ್ಟುವ ಅಯಸ್ಕಾಂತ, ಟ್ಯಾಂಕ್‌ಗೆ ಹಾಕುವ ಮಾತ್ರೆ, ಡ್ಯಾಶ್‌ಬೋರ್ಡ್ ಕೆಳಗೆ ಚುಚ್ಚುವ ಚಿಪ್ ಯಾವುದನ್ನೂ ಕೊಳ್ಳಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ. ಬಹುತೇಕ ಯಾವುದರಿಂದಲೂ ಮೈಲೇಜ್ ಏರಲಿಲ್ಲ.

ಎಸಿ ವಿಷಯ ಸುಲಭ. ಪೇಟೆಯೊಳಗೆ ಕಿಟಕಿ ತೆಗೆಯಿರಿ, ನಮ್ಮೂರ ಗಾಳಿ ಸಾಕು. ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ 80 ದಾಟಿದ ಮೇಲೆ ಕಿಟಕಿ ಮುಚ್ಚಿ ಎಸಿ ಹಾಕಿ. ಇನ್ನು ವಾರಾಂತ್ಯದಲ್ಲಿ ಕೈಮರದ ಚೆಕ್‌ಪೋಸ್ಟ್ ಮುಂದೆ ಸಾಲು ನಿಂತಾಗ, ಒಂದು ನಿಮಿಷಕ್ಕಿಂತ ಜಾಸ್ತಿ ಕಾಯಬೇಕೆನಿಸಿದರೆ ಎಂಜಿನ್ ಆಫ್ ಮಾಡಿ. ನಿಂತ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಅಲ್ಲಿ ರಸ್ತೆ ಏರಿನಲ್ಲಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು, ಆಫ್ ಮಾಡಿದ ಮೇಲೆ ಮೊದಲ ಗೇರ್ ಹಾಕಿಡಿ. ಮತ್ತೆ ಸ್ಟಾರ್ಟ್ ಮಾಡುವಾಗ ಕ್ಲಚ್ ಒತ್ತಿಯೇ ಮಾಡಿ.